ಹುಣಸೂರು ದಾಟೋ ಮೊದಲು

ನಾಯಂಡಹಳ್ಳಿ, ಬೆಂಗಳೂರು
14-11-2007, ಬುಧವಾರ

ಪ್ರೀತಿಯ ರಾಮಕ್ಕನಿಗೆ, ನಿನ್ನ ತಮ್ಮ ಬೆಟ್ಟಯ್ಯ ಕಾಲಿಗೆ ಬಿದ್ದು ಬರೆಯೋದು.

ಮೊದಲನೇದಾಗಿ, ನನ್ನ ಕೈಬರಹ ಗುರುತು ಸಿಕ್ಕಿದ ಕೂಡಲೇ ಕಾಗದ ಮಡಚಿ ಸೂರಿಗೆ ಸಿಗಿಸಿಬಿಡಬೇಡ ಅಕ್ಕಾ, ಕೊನೇತನಕ ಓದು. ಭಾವನ ಮಂಡಿ ನೋವು ಹೇಗಿದೆ? ಚಳಿ ಶುರುವಾಯ್ತು. ಹುಣಸೂರಿನ ಚಳಿ ನನಗೆ ಗೊತ್ತಿಲ್ವಾ, ಎದ್ದ ತಕ್ಷಣ ಅವರು ಬರಿಗಾಲಲ್ಲಿ ಹಿತ್ತಿಲಿಗೆ ಹೋಗ್ತಾರೆ, ಚಪ್ಪಲಿ ಹಾಕ್ಕೊಳ್ಳಿ ಅಂದರೆ ಮರದ ಡಿಪೋದಲ್ಲಿ ಅಷ್ಟು ವರ್ಷ ಆನೆ ಜೊತೆ ಬರಿಗಾಲಲ್ಲೇ ಓಡಾಡಿದೋನು ನಾನು ಅಂತಾರೆ. ಆನೆಗೆ ತಡೆಯುತ್ತೆ, ಅವರಿಗೆ ತಡೆಯಲ್ಲ ಅಂತ ನಾನು ಹೇಳಿದೆ ಅಂತ ಹೇಳು. ಬೇಡ, ನಾನು ಹೇಳಿದೆ ಅನ್ನಬೇಡ, ನೀನೇ ಹೇಳಿದ ಹಾಗೆ ಹೇಳು. ಇನ್ನು ನೀನು. ಕಾರ್ತಿಕ ಸೋಮವಾರ ಸಾಯಂಕಾಲ ದೀಪ ಹಚ್ಚೋತನಕ ಬಾಯಿಗೆ ಏನೂ ಹಾಕ್ಕೊಳಲ್ಲ. ಮೊದಲಿನ ವಯಸ್ಸಲ್ಲ ಅಕ್ಕಾ, ಒಂದು ಲೋಟ ಹಾಲಾದರೂ ಕುಡಿ, ಶಿವ ಅದಕ್ಕೆಲ್ಲ ಮುನಿಸಿಕೊಳ್ಳೋನಲ್ಲ. ಮೊನ್ನೆ ಸೋಮವಾರ ಎದುರು ಮನೆ ಅನಂತಲಕ್ಷ್ಮಮ್ಮನ ಫೋನಿಗೆ ಮಾಡಿದ್ದೆ. ಆಯಮ್ಮ ನಿನ್ನನ್ನ ಕರೆಯಕ್ಕೆ ಹೋಗಿ ವಾಪಸ್ಸು ಬಂದು 'ನಿಮ್ಮಕ್ಕ ಮನೇಲಿಲ್ವಂತೆ' ಅಂದರು. ಮನೇಲಿಲ್ಲದೋರು ಇಲ್ಲ ಅಂತ ತಾವೇ ಹೇಳಿ ಕಳಿಸ್ತಾರಾ? ಹೋಗಲಿ ಬಿಡು, ನೀನು ಗಟ್ಟಿಯಾಗಿದೀಯ ಅಂತ ಅಷ್ಟರಲ್ಲೇ ಗೊತ್ತಾಯ್ತು. ಇಷ್ಟು ದಿನ ಕೋಪ ಇಟ್ಕೋಬೇಕಂದರೆ ಮೈಯಲ್ಲಿ ಶಕ್ತಿ ಇರಬೇಕಲ್ಲ.

ಇಲ್ಲಿ ಎಲ್ಲರೂ ಚೆನ್ನಾಗಿದೀವಿ. ನನಗೆ ಮಾತ್ರ ಮಾಮೂಲಿ ಹೊಟ್ಟೆ ಉರಿ. ಡಾಕ್ಟ್ರು ಖಾರ ಬಿಡಿ ಅಂದರು, ಮುನಿತಾಯಮ್ಮ 'ಖಾರ ಅಲ್ಲ ಸಾರ್, ಯೋಚನೆ ಬಿಡಕ್ಕೆ ಹೇಳಿ, ರಾತ್ರಿ ಮಲಗೋ ಮುಂಚೆ ಬಾಗಿಲ ಚಿಲಕ ನಾಲ್ಕು ಸಲ ಎಳೆದು ನೋಡ್ತಾರೆ' ಅಂತ ಅವರ ಮುಂದೆಯೇ ನನ್ನ ಮಾನ ತೆಗೆದಳು. ಕಟ್ಟಿಕೊಂಡ ಹೆಂಡತಿ ಆಡೋ ಮಾತಾ ಅದು? ಎರಡು ಸಲ ಎಳೀತೀನಿ ಅಷ್ಟೆ.

ವಿಷಯ ಏನಂದರೆ, ಇದೇ ಇಪ್ಪತ್ನಾಲ್ಕನೇ ತಾರೀಖು ಶನಿವಾರ ಬೆಳಗಿನ ಜಾವ ನಮ್ಮ ಶಶಿಕಲಾ ವಿಜಯನಗರದಿಂದ ಬಸ್ಸು ತಗೊಂಡು ಹೊರಡ್ತಾಳೆ. ಬಸ್ಸು ತಗೊಂಡು ಅಂದರೆ ಓಡಿಸೋದಲ್ಲ, ಅದಕ್ಕೆ ಡ್ರೈವರ್ ಇದಾನೆ. ಇವಳು ಗೈಡು. ಶ್ರೀರಂಗಪಟ್ಟಣ, ಮೈಸೂರು ಅರಮನೆ, ಬಂಡೀಪುರ, ನಾಗರಹೊಳೆ, ಅಲ್ಲಿಂದ ಬೇಲೂರು ಹಳೇಬೀಡು, ಕೊನೆಗೆ ಗೊಮ್ಮಟೇಶ್ವರ. ಇಷ್ಟನ್ನೂ ಜನಕ್ಕೆ ತೋರಿಸಿ, ಕಥೆ ಹೇಳಿ, ಊಟಕ್ಕೆ ಕೂರಿಸಿ, ರೂಮಿಗೆ ಸೇರಿಸಿ, ಯಾರನ್ನೂ ಬಿಟ್ಟುಬರದೆ ವಾಪಸ್ಸು ಕರ್ಕೊಂಡು ಬರೋದು ನಮ್ಮ ಮಗಳ ಜವಾಬ್ದಾರಿ. ಆ ಕಂಪನಿಯಲ್ಲಿ ಹೆಣ್ಣುಮಗಳನ್ನ ಗೈಡಾಗಿ ಕಳಿಸ್ತಾ ಇರೋದು ಇದೇ ಮೊದಲಂತೆ. ಇದನ್ನ ಬರೆಯೋವಾಗ ಎರಡು ಸಲ ಪೆನ್ನು ಕೆಳಗಿಟ್ಟೆ ಅಕ್ಕಾ. ಒಂದು ಸಲ ಭಯಕ್ಕೆ. ಇನ್ನೊಂದು ಸಲ ಯಾತಕ್ಕೆ ಅಂತ ನಿನಗೆ ಹೇಳಬೇಕಾಗಿಲ್ಲ.

ಗೌರಿ ಹಬ್ಬದ ದಿನದ ಮಾತು ಎತ್ತಬಾರದು ಅಂತಿದ್ದೆ, ಎತ್ತದೆ ಮುಂದೆ ಬರೆಯಕ್ಕಾಗಲ್ಲ. ಈ ಕೆಲಸದ ವಿಷಯ ಶಶಿ ನಿನಗೆ ತಾನೇ ಹೇಳಬೇಕು, ಅತ್ತೆ ಕೈಯಿಂದಲೇ ದೇವರ ಮುಂದೆ ಕೆಲಸದ ಆರ್ಡರ್ ಕಾಗದ ಇಡಿಸಬೇಕು ಅಂತ ಆಸೆಯಿಂದ ಕಾದಿದ್ದಳು. ಅಷ್ಟರಲ್ಲಿ ನಮ್ಮನೆಯವಳು ಒಬ್ಬಟ್ಟು ತಟ್ಟುತ್ತಾ ತಟ್ಟುತ್ತಾ ಬಾಯಿ ಬಿಟ್ಟಳು. ನೀನು ಕೈಲಿದ್ದ ಎಲೆ ಕೆಳಗಿಟ್ಟು ಅಂದಿದ್ದು ನನ್ನ ಕಿವೀಲಿ ಹಾಗೇ ಇದೆ: 'ಉಬ್ಬಸದ ಮಗೂನ ಎದೆ ಮೇಲೆ ಮಲಗಿಸ್ಕೊಂಡು ಸಾಕಿದೋಳು ನಾನು. ಊರೂರು ತಿರುಗೋ ಬಸ್ಸಿಗೆ ಹತ್ತಿಸೋವಾಗ ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ ನಿಮಗೆ? ಒಬ್ಬಟ್ಟು ಹೂರಣದ ಜೊತೆ ಹೇಳ್ತೀರಾ?' ಮಾತು ನಿಂದೇ ಸರಿ. ಈ ಮೋರಿ ವಾಸನೆಗೆ ಮಗು ಉಸಿರಾಡಕ್ಕಾಗದೆ ನೀಲಿ ತಿರುಗ್ತಿದ್ದಾಗ ಹುಣಸೂರಿಗೆ ಎತ್ತಿಕೊಂಡು ಹೋದೋಳು ನೀನು. ಎರಡನೇ ಕ್ಲಾಸಿಂದ ಏಳನೇ ಕ್ಲಾಸು ಮುಗಿಯೋತನಕ ಅಲ್ಲಿ ಬೆಳೆದಳು. ನಾವು ಹೆತ್ತಿದೀವಿ ಅಷ್ಟೆ. ನೀನು ಊಟಾನೂ ಮಾಡದೆ ಸಾಯಂಕಾಲದ ಬಸ್ಸಿಗೆ ಹೊರಟೆ. ತವರಿನ ಬಾಗಿನ ಮುಟ್ಟಲಿಲ್ಲ. ಆ ಮೊರದ ಜೋಡಿ ಇವತ್ತಿಗೂ ಅಕ್ಕಿ ಡ್ರಮ್ಮಿನ ಮೇಲೆ ಹಾಗೇ ಇದೆ, ಮೇಲೊಂದು ಬಟ್ಟೆ ಮುಚ್ಚಿ. ಅಕ್ಕಿ ತೆಗೆಯೋವಾಗಲೆಲ್ಲ ಅದನ್ನ ಎತ್ತಿ ಕೆಳಗಿಟ್ಟು ಮತ್ತೆ ಮೇಲಿಡಬೇಕು. ದಿನಕ್ಕೆ ಒಂದು ಸಲ ನಿನ್ನ ನೆನಪಾಗುತ್ತೆ ಅಂತ ಸುಳ್ಳು ಹೇಳಲ್ಲ, ಎರಡು ಸಲ ಆಗುತ್ತೆ, ಅನ್ನ ಎರಡು ಹೊತ್ತು ಮಾಡ್ತೀವಲ್ಲ.

ಈಗ ಬಸ್ಸಿನ ವಿಷಯ ಹೇಳ್ತೀನಿ, ಅದು ನಿನಗೆ ಗೊತ್ತಿಲ್ಲ. ವಿಜಯನಗರದ ಮಾರುತಿ ಮಂದಿರದ ಹತ್ರ ಆನಂದ್ ಅಂತ ಒಬ್ಬರು ಸಾರ್ ಇದಾರೆ, ಅವರ ತಾಯಿ ನೀಲಾಂಬಿಕಮ್ಮನ ಹೆಸರಲ್ಲೇ ಟೂರ್ಸ್ ನಡೆಸ್ತಾರೆ. ಮೊದಲು ಮದುವೆ ದಿಬ್ಬಣ, ಧರ್ಮಸ್ಥಳ ತಿರುಪತಿ ಅಷ್ಟೇ ಇತ್ತು. ಈ ಸಲ ಕಾಡು, ಕೋಟೆ, ದೇವಸ್ಥಾನ ಎಲ್ಲ ಸೇರಿಸಿ ಹೊಸ ಟೂರು ಶುರು ಮಾಡ್ತಾ ಇದಾರೆ. ಅದಕ್ಕೆ ಹೊಸ ಮಿನಿ ಬಸ್ಸು. ಆ ಬಸ್ಸಿಗೆ ಬಾಡಿ ಕಟ್ಟಿದ್ದು ನಮ್ಮ ನಾಯಂಡಹಳ್ಳಿ ಶೆಡ್ಡಿನಲ್ಲೇ ಅಕ್ಕಾ! ಬರೀ ಚಾಸಿ ಬಂದಿತ್ತು, ಅಸ್ಥಿಪಂಜರದ ಹಾಗೆ. ಸೀಟೆಲ್ಲ ಹೊಲಿದೋನು ನಾನು. ಆನಂದ್ ಸಾರು ಕೆಂಪು ರೆಕ್ಸಿನ್ ಹಾಕಿ ಅಂದರು. ಶಶಿ 'ಕಾಡಿಗೆ ಕಣ್ಣು ಕುಕ್ಕೋ ಬಣ್ಣ ತಗೊಂಡು ಹೋಗಬಾರದು ಅಂತ ನಮ್ಮತ್ತೆ ಹೇಳ್ತಾರೆ' ಅಂದಳು. ಅದಕ್ಕೇ ಎಲೆ ಹಸಿರು ಹಾಕಿದೆ. ವಯಸ್ಸಾದೋರು ಬರ್ತಾರಲ್ಲ ಅಂತ ಸೊಂಟದ ಹತ್ರ ಸ್ಪಂಜು ಒಂದು ಪದರ ಜಾಸ್ತಿ ಕೊಟ್ಟೆ. ಅದು ಯಾರೂ ಹೇಳಿದ್ದಲ್ಲ. ಕೂತೋರಿಗೆ ಯಾಕೆ ಆರಾಮಾಗಿದೆ ಅಂತಲೂ ಗೊತ್ತಾಗಲ್ಲ, ಗೊತ್ತಾಗೋದೂ ಬೇಡ.

ಅದೆಲ್ಲ ಚೆನ್ನಾಗೇ ಆಯ್ತು, ಎಡವಟ್ಟು ಆಗಿದ್ದು ಗೈಡಿನ ಸೀಟಲ್ಲಿ. ಶಶಿ ಅಷ್ಟು ದೂರ ನಿಂತೇ ಇರಬಾರದು, ಕಾಲು ಬಾತುಕೊಳ್ಳುತ್ತೆ ಅಂತ ಯೋಚನೆ ಮಾಡಿ ಮಾಡಿ, ಡ್ರೈವರ್ ಪಕ್ಕ ಅವಳಿಗಂತಲೇ ಒಂದು ಮಡಚೋ ಸೀಟು ಮಾಡಿದೆ. ಗೈಡು ಅಂದಮೇಲೆ ಜನದ ಮುಖ ನೋಡ್ಕೊಂಡು ಮಾತಾಡಬೇಕಲ್ಲ, ಅದಕ್ಕೆ ಹಿಂದಕ್ಕೆ ತಿರುಗಿಸಿ ಕೂರಿಸಿದೆ. ನಾನೇ ಮೆಚ್ಚಿಕೊಂಡು ಶೆಡ್ಡಲ್ಲಿ ಎಲ್ಲರನ್ನೂ ಕರೆದು ತೋರಿಸಿದೆ. ಅದಾದ ಭಾನುವಾರ ಬಿಡದಿತನಕ ಬಸ್ಸು ಓಡಿಸಿ ನೋಡೋಣ ಅಂತ ಹೊರಟ್ವಿ. ಆರ್.ವಿ. ಕಾಲೇಜು ದಾಟೋತನಕ ಮೈಕಲ್ಲಿ ಚೆನ್ನಾಗಿ ಮಾತಾಡ್ತಿದ್ದಳು. ಕೆಂಗೇರಿ ಬರೋಷ್ಟರಲ್ಲಿ ಮಾತು ಕಮ್ಮಿ ಆಯ್ತು. ಕುಂಬಳಗೋಡಿಗೆ ಮುಖ ನಾನು ಹೊಲಿದ ರೆಕ್ಸಿನ್ ಬಣ್ಣಕ್ಕೇ ತಿರುಗಿತು. ಬಿಡದಿಯಲ್ಲಿ ಎಲ್ಲರೂ ತಟ್ಟೆ ಇಡ್ಲಿಗೆ ಇಳಿದರೆ ಇವಳು ರಸ್ತೆ ಬದಿಗೆ ಓಡಿದಳು. ಆಗ ನೆನಪಾಯ್ತು ನನಗೆ, ಹಿಮ್ಮುಖ ಕೂತರೆ ಈ ಮಗುವಿಗೆ ಆಗಲ್ಲ, ಅದಕ್ಕೇ ನೀನು ಯಾವಾಗಲೂ ಮುಂದಿನ ಸೀಟಲ್ಲಿ ಕೂರಿಸಿ ಕೈಗೆ ನಿಂಬೆಹಣ್ಣು ಕೊಟ್ಟು 'ದಾರಿ ನೋಡು, ದಾರಿ ನೋಡು' ಅಂತಿದ್ದೆ. ನೀನು ಇಲ್ಲಿ ಬಂದು ಹೋಗಿ ಮಾಡ್ತಿದ್ದಿದ್ದರೆ ಮೊದಲೇ ಹೇಳಿರ್ತಿದ್ದೆ. ಡ್ರೈವರ್ ಹನುಮೇಶ ಅಂತ, ಕೊಪ್ಪಳದ ಕಡೆಯ ಹುಡುಗ, ನಗ್ತಾ ನಗ್ತಾ 'ಏನ್ ಕಾಕಾ, ಊರು ತೋರಿಸೋ ಅಕ್ಕಾರನ್ನ ಊರಿಗೇ ಬೆನ್ನು ಮಾಡಿ ಕುಂದ್ರಿಸೀರಲ್ಲ' ಅಂದ. ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸ್ತು.

ಹಾಗಂತ ಮುಂದಕ್ಕೆ ತಿರುಗಿಸಿದರೆ ಜನದ ಮುಖ ಕಾಣಲ್ಲ, ಕಂಡಕ್ಟರ್ ಸೀಟಿನ ಹಾಗಾಗುತ್ತೆ. ಅನ್ನ ಸೇರದೆ ಯೋಚನೆ ಮಾಡಿದೆ. ಕೊನೆಗೆ ಬೋಲ್ಟು ಬಿಚ್ಚಿ ಸೀಟನ್ನ ಓರೆಯಾಗಿ ಕೂರಿಸಿದೆ ಅಕ್ಕಾ. ಒಂದು ಕಣ್ಣಿಗೆ ದಾರಿ, ಒಂದು ಕಣ್ಣಿಗೆ ಜನ. ಮತ್ತೆ ಬಿಡದಿಗೆ ಹೋದ್ವಿ. ಈ ಸಲ ಇಡ್ಲಿ ತಿಂದಳು, ಮೇಲೆ ಒಂದು ವಡೆ. ಹನುಮೇಶ ಆ ಸೀಟನ್ನ ಒಂದು ಸುತ್ತು ಮುಟ್ಟಿ ನೋಡಿ 'ಈಗ ಬರೋಬ್ಬರಿ ಆತು' ಅಂದ. ಆಮೇಲೆ ನಾನು ದಿನಾ ಹೋಗಿ ಆ ಬೋಲ್ಟು ಬಿಗಿ ಮಾಡಿ ಬರೋದು ನೋಡಿ 'ಕಾಕಾ, ಇನ್ನೂ ಬಿಗಿ ಮಾಡಿದ್ರ ಮುರೀತೈತ್ರಿ, ಕೈ ಮುಗೀತೀನಿ ಬಿಡ್ರಿ' ಅಂತ ಸ್ಪ್ಯಾನರನ್ನೇ ಬಚ್ಚಿಟ್ಟಿದಾನೆ. ಒಳ್ಳೇ ಹುಡುಗ. ಬೀಡಿ ಸಿಗರೇಟು ಇಲ್ಲ, ನಾನು ವಿಚಾರಿಸಿದೀನಿ. ಅಲ್ಲಿ ಇಲ್ಲಿ ಅಲ್ಲ, ಅವನು ಊಟ ಮಾಡೋ ಖಾನಾವಳಿಗೇ ಹೋಗಿ ವಿಚಾರಿಸಿದೆ. ಅವನಿಗೆ ಗೊತ್ತಾಗಿ 'ಹೆಣ್ಣು ಕೊಡ್ತೀರೇನ್ರಿ ಕಾಕಾ' ಅಂತ ಕೇಳಿದ. ಅವನಿಗೆ ಆಗಲೇ ಮದುವೆಯಾಗಿ ಒಂದು ಮಗು ಇದೆ, ತಮಾಷೆಗೆ ಕೇಳಿದ್ದು, ನೀನು ಗಾಬರಿಯಾಗಬೇಡ.

ಮನೇಲಿ ನಡೆಯೋ ತಯಾರಿ ನೀನು ನೋಡಬೇಕು. ದಿನಾ ಸಾಯಂಕಾಲ ಅಡುಗೆಮನೆಯೇ ಬಸ್ಸು. ನಾನು, ಮುನಿತಾಯಮ್ಮ ಚಾಪೆ ಮೇಲೆ ಹಿಂದೆ ಮುಂದೆ ಕೂರಬೇಕು, ಶಶಿ ಸೌಟು ಮೈಕಿನ ಹಾಗೆ ಹಿಡ್ಕೊಂಡು ಒಲೆ ಹತ್ರ ನಿಲ್ತಾಳೆ. ನಾವು ಪ್ರಶ್ನೆ ಕೇಳಬೇಕು, ಅವಳು ಉತ್ತರ ಹೇಳಬೇಕು. ಮುನಿತಾಯಮ್ಮ ರಾಜಾಜಿನಗರದ ಆಂಟಿ ಹಾಗೆ ಸೆರಗು ಹೊದ್ದುಕೊಂಡು 'ಏನಮ್ಮಾ ಗೈಡೂ, ಈ ಹುಲಿ ನೋಡಕ್ಕೆ ಬಂದಿದೀವಲ್ಲ, ಹುಲಿ ಬರದಿದ್ದರೆ ಇನ್ನೊಂದು ಸಲ ಪುಕ್ಕಟೆ ಕರ್ಕೊಂಡು ಬರ್ತೀಯಾ' ಅಂತ ಕೇಳ್ತಾಳೆ. ಶಶಿ ಒಂದು ಚೂರೂ ನಗದೆ 'ಆಂಟಿ, ನಾವು ಹುಲಿ ಮನೆಗೆ ಹೋಗೋದು, ಹುಲಿ ನಮ್ಮನ್ನ ಕರೆದಿಲ್ಲ. ಮನೇಲಿದ್ದರೆ ನೋಡೋಣ, ಇಲ್ಲದಿದ್ದರೆ ಅಂಗಳ ನೋಡ್ಕೊಂಡು ಬರೋಣ' ಅಂತಾಳೆ. ಎಲ್ಲಿಂದ ಬಂತು ಅಕ್ಕಾ ಈ ಮಾತು? ನನ್ನ ಕಡೆಯಿಂದ ಅಲ್ಲ. ಆರನೇ ಕ್ಲಾಸಿಗೆ ಸ್ಲೇಟು ಬಿಟ್ಟೋನು ನಾನು, ಹೆಡ್‌ಮಾಸ್ಟರ ಮುಂದೆ ನಿಂತರೆ ಹೆಸರೂ ಬಾಯಿಗೆ ಬರ್ತಿರಲಿಲ್ಲ. ನೀನೇ ಪಕ್ಕದಲ್ಲಿ ನಿಂತು 'ಬೆಟ್ಟಯ್ಯ ಅಂತ ಸಾರ್' ಅಂತ ಹೇಳ್ತಿದ್ದೆ.

ಅವಳ ಕಥೆಯಲ್ಲಿ ಅರ್ಧ ನಿನ್ನವೇ. ಶ್ರೀರಂಗಪಟ್ಟಣದ ಕೋಟೆ ಬಂದ ಕೂಡಲೇ ಇಸವಿ ಎಲ್ಲ ಸರಿಯಾಗಿ ಹೇಳಿ, ಆಮೇಲೆ 'ಗೋಡೆ ಎಷ್ಟು ದಪ್ಪ ಇದ್ದರೇನು, ಒಳಗಿನವರ ಮನಸ್ಸು ಒಡೆದರೆ ಮುಗೀತು ಅಂತ ನಮ್ಮತ್ತೆ ಹೇಳ್ತಾರೆ' ಅಂತಾಳೆ. ಅರಮನೆ ದೀಪ ಬಂದರೆ 'ಇಷ್ಟೊಂದು ಬಲ್ಬು ಒರೆಸೋರು ಯಾರು ಅಂತ ನಮ್ಮತ್ತೆ ಮೊದಲು ಕೇಳಿದ್ದು ಅದನ್ನೇ' ಅಂತಾಳೆ. ಬೇಲೂರಲ್ಲಿ ಕನ್ನಡಿ ಹಿಡಿದ ಕಲ್ಲಿನ ಹೆಂಗಸನ್ನ ತೋರಿಸಿ, ಅದರ ಶಿಲ್ಪ, ಒಡವೆ, ನಿಂತಿರೋ ಭಂಗಿ ಎಲ್ಲ ವಿವರಿಸಿ, 'ಎಷ್ಟೋ ನೂರು ವರ್ಷದಿಂದ ಕನ್ನಡಿ ನೋಡ್ಕೊಂಡು ನಿಂತವಳೆ, ಸಾಕು ಬಾರೇ, ಒಂದು ಕೊಡ ನೀರು ತಾ ಅಂತ ಇನ್ನೂ ಯಾರೂ ಕರೆದಿಲ್ಲ, ಪುಣ್ಯವಂತೆ ಅಂತ ನಮ್ಮತ್ತೆ ಹೇಳ್ತಾರೆ' ಅಂತಾಳೆ. ನಮ್ಮನೆಯವಳು ಅದನ್ನ ಎಷ್ಟು ಸಲ ಕೇಳಿದರೂ ಬಿದ್ದು ಬಿದ್ದು ನಗ್ತಾಳೆ. ನಿನಗೆ ಇದೆಲ್ಲ ಆಡಿದ್ದು ನೆನಪಿದೆಯಾ? ಆ ಮಗು ಒಂದನ್ನೂ ಬಿಟ್ಟಿಲ್ಲ.

ಆದರೆ ಒಂದು ಗಂಟು ಇದೆ, ಅದನ್ನೇ ಹೇಳಬೇಕು ಅಂತ ಈ ಕಾಗದ. ಶ್ರೀರಂಗಪಟ್ಟಣದಿಂದ ಬಂಡೀಪುರದತನಕ ಅವಳ ಬಾಯಲ್ಲಿ ಮಾತು ನೀರು ಹರಿದ ಹಾಗೆ ಬರುತ್ತೆ. ಬಂಡೀಪುರ ಆಗಿ, ಮೈಸೂರಿಗೆ ವಾಪಸ್ಸು ಬಂದು, ಮಾರನೇ ಬೆಳಿಗ್ಗೆ ನಾಗರಹೊಳೆಗೆ ಹೊರಟು, ಹುಣಸೂರು ಬಂತು ಅಂದ ತಕ್ಷಣ ಬಾಯಿ ಕಟ್ಟುತ್ತೆ. ಅಲ್ಲಿ ಅವಳು ಡಿಪೋದ ಆನೆ ಕಥೆ ಹೇಳಬೇಕು. ಸೈರನ್ ಕೂಗಿದ ಮೇಲೆ ಎಂಥಾ ಮಾವುತ ಬಂದರೂ ಇನ್ನೊಂದು ದಿಮ್ಮಿ ಎಳೆಯದ ಆನೆ ಇತ್ತಲ್ಲ, ಭಾವ ಬೆಲ್ಲ ತೋರಿಸಿದರೂ ಬೆಲ್ಲ ತಿಂದು ಹಾಗೇ ನಿಂತುಬಿಡ್ತಿತ್ತಲ್ಲ, ಆ ಕಥೆ. ನೀನು ಅದನ್ನ ಹೇಳಿ ಹೇಳಿ ಅವಳಿಗೆ ಅನ್ನ ಉಣಿಸಿದ್ದು. 'ಹುಣಸೂರು' ಅಂತಾಳೆ, ಸೌಟು ಕೆಳಗಿಳಿಯುತ್ತೆ, ಕಣ್ಣು ತುಂಬುತ್ತೆ, ಒಗ್ಗರಣೆ ಘಾಟು ಅಂತ ನೆಪ ಹೇಳ್ತಾಳೆ. ಒಲೆ ಮೇಲೆ ಏನೂ ಇರಲ್ಲ. ಮತ್ತೆ ಮೊದಲಿಂದ ಶುರು ಮಾಡಿದರೂ ಅಷ್ಟೆ. ಬೇಲೂರಿಂದ ಶುರು ಮಾಡು ಅಂದರೆ ಸರಾಗವಾಗಿ ಗೊಮ್ಮಟನ ಪಾದದತನಕ ಹೋಗ್ತಾಳೆ. ನಡುವೆ ಹುಣಸೂರೊಂದು ದಾಟಕ್ಕಾಗ್ತಿಲ್ಲ. ಒಂದು ದಿನ ನಾನೇ ಕೇಳಿದೆ. 'ಅತ್ತೆ ಮಾತು ಬಿಟ್ಟಿದಾರೆ, ಅವರ ಮಾತನ್ನ ನಾನು ಯಾವ ಮುಖ ಇಟ್ಕೊಂಡು ಜನಕ್ಕೆ ಹೇಳಲಿ ಅಪ್ಪಾ? ಕಾಡು ತೋರಿಸಿದೋರು ಅವರು. ಅವರು ಹೂಂ ಅನ್ನದೆ ನಾನು ಆ ಕಾಡಿಗೆ ಜನ ಕರ್ಕೊಂಡು ಹೆಂಗೆ ಹೋಗಲಿ' ಅಂದಳು. ನಾನು ಎದ್ದು ಹೋಗಿ ಚಿಲಕ ನೋಡಿ ಬಂದೆ.

ಕಳೆದ ಗುರುವಾರ ಆಫೀಸಿನಲ್ಲಿ ಪರೀಕ್ಷೆ ಇತ್ತು. ಪರೀಕ್ಷೆ ಅಂದರೆ ಆನಂದ್ ಸಾರು, ಅವರ ತಾಯಿ ನೀಲಾಂಬಿಕಮ್ಮ, ಹನುಮೇಶ ಎಲ್ಲ ಕೂತು ಇವಳ ಮಾತು ಪೂರ್ತಿ ಕೇಳೋದು. ನಾನು ಕರೆಯದಿದ್ದರೂ ಹೋದೆ, ಸೀಟಿನ ಕವರ್ ಕೊಡಕ್ಕೆ ಬಂದೆ ಅಂತ ಹೇಳಿ ಬಾಗಿಲ ಹತ್ರ ಸ್ಟೂಲ್ ಮೇಲೆ ಕೂತೆ. ಆನಂದ್ ಸಾರು ಕೆಟ್ಟೋರಲ್ಲ, ಆದರೆ ಮಧ್ಯೆ ತಡೆದರು. 'ಶಶಿಕಲಾ, ಚೆನ್ನಾಗಿದೆ, ಆದರೆ ಏನಿದು ಮಾತು ಮಾತಿಗೂ ನಮ್ಮತ್ತೆ ನಮ್ಮತ್ತೆ? ಇತಿಹಾಸಕಾರರು ಹೇಳ್ತಾರೆ ಅನ್ನು, ಜನ ನಂಬ್ತಾರೆ' ಅಂದರು. ಆಗಲಿ ಸಾರ್ ಅಂತ ಇವಳು ಅತ್ತೆಯನ್ನ ಬಿಟ್ಟು ಹೇಳಿದಳು ನೋಡು, ಉಪ್ಪಿಲ್ಲದ ಸಾರಿನ ಹಾಗಾಯ್ತು. ಇಸವಿ ಮೇಲೆ ಇಸವಿ. ಹನುಮೇಶ ಆಕಳಿಸಿದ. ನೀಲಾಂಬಿಕಮ್ಮ ಎಂಬತ್ತರ ಹತ್ರದೋರು, ಅಲ್ಲೀತನಕ ಜಪಮಣಿ ತಿರುಗಿಸ್ತಾ ಕೂತಿದ್ದರು. ಮಗನ ಕಡೆ ತಿರುಗಿ 'ಏ ಆನಂದಾ, ನೀ ಸುಮ್ನಿರು. ನಿನ್ನ ಇತಿಹಾಸಕಾರರು ನನಗೆ ಗುರುತಿಲ್ಲ. ಆ ಅತ್ತೆ ಏನಂದ್ರು, ಅದನ್ನ ಹೇಳಮ್ಮಾ' ಅಂದರು. ಅಷ್ಟು ಸಾಕಾಯ್ತು, ಶಶಿ ಮತ್ತೆ ನಮ್ಮ ಶಶಿ ಆದಳು. ಕನ್ನಡಿ ಹೆಂಗಸಿನ ಮಾತಿಗೆ ಆಯಮ್ಮ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕರು. ಆದರೆ ಅಲ್ಲೂ ಅಷ್ಟೇ ಆಯ್ತು. ಎಲ್ಲ ಮುಗಿದ ಮೇಲೆ ಆನಂದ್ ಸಾರು 'ನಾಗರಹೊಳೆ ಎಲ್ಲಮ್ಮಾ, ಬಿಟ್ಟುಹೋಯ್ತಲ್ಲ' ಅಂದರು. ಇವಳು ಹುಣಸೂರು ಅಂತ ಶುರು ಮಾಡಿದಳು, ನಿಲ್ಲಿಸಿದಳು. ನಾನು ಕೈಲಿದ್ದ ಕವರ್ ಹಿಂಡಿ ಹಿಂಡಿ ಹಗ್ಗ ಮಾಡಿದ್ದೆ. ಕೆಲಸ ಹೋಯ್ತು, ಮಗು ಅವಮಾನ ಪಟ್ಟಿತು, ನಾಳೆ ಶೆಡ್ಡಲ್ಲಿ ಹೇಗೆ ಮುಖ ತೋರಿಸಲಿ ಅಂತ ಏನೇನೋ ಬಂತು ತಲೆಗೆ. ಶಶಿ ಸೌಮ್ಯವಾಗಿ ಇದ್ದ ವಿಷಯ ಇದ್ದ ಹಾಗೇ ಹೇಳಿದಳು, ಅತ್ತೆ ಮಾತಾಡ್ತಿಲ್ಲ, ಅದಕ್ಕೆ ನನಗೆ ಇಲ್ಲಿ ಮಾತು ಬರ್ತಿಲ್ಲ ಸಾರ್ ಅಂತ. ಆನಂದ್ ಸಾರು ತಲೆ ಕೆರಕೊಂಡರು. ನೀಲಾಂಬಿಕಮ್ಮ ಅದಕ್ಕೆ ಒಂದು ಮಾತಂದರು. ಏನಂದರು ಅಂತ ಕೊನೇಲಿ ಬರೀತೀನಿ, ಈಗಲೇ ಬರೆದರೆ ನೀನು ಸಿಟ್ಟಾಗಿ ಮಿಕ್ಕಿದ್ದು ಓದಲ್ಲ ಅಂತ ನನಗೆ ಭಯ.

ಭಯ ಅಂದಾಗ, ಕೆಲವು ನೀನೇ ಪರಿಹರಿಸಬೇಕು. ನಾಗರಹೊಳೆ ಗೇಟಿನ ಹತ್ರ ಈಗಲೂ ಜಿಗಣೆ ಇದೆಯಾ, ಮಳೆ ನಿಂತಿದೆಯಾ? ಮುನಿತಾಯಮ್ಮ ಒಂದು ಡಬ್ಬ ಚಕ್ಕುಲಿ, ಒಂದು ಡಬ್ಬ ಕೊಬ್ಬರಿ ಮಿಠಾಯಿ ಮಾಡಿದಾಳೆ, ಕಾಡೊಳಗೆ ತಿಂಡಿ ಬಿಚ್ಚಬಾರದು ಅಂತ ಶಶಿ ಹೇಳಿದರೆ 'ಆನೆಗೂ ನಾಲ್ಕು ಚಕ್ಕುಲಿ ಜಾಸ್ತಿಯಾಗೇ ಇಟ್ಟಿದೀನಿ ಬಿಡು' ಅಂತಾಳೆ. ಬಟ್ಟೆ ವಿಷಯಕ್ಕೂ ಜಗಳ ಆಯ್ತು. ಪ್ಯಾಂಟು ಬೇಡ ಅಂತ ಅಮ್ಮ, ಸೀರೇಲಿ ಕೋಟೆ ಹತ್ತಕ್ಕಾಗಲ್ಲ ಅಂತ ಮಗಳು. ಕೊನೆಗೆ ಬಸ್ಸಿನ ಬಣ್ಣದ್ದೇ ಎಲೆ ಹಸಿರು ಚೂಡಿದಾರ್ ಆಯ್ತು, ದುಪಟ್ಟಾ ಸೊಂಟಕ್ಕೆ ಬಿಗಿದು ಕಟ್ಟೋದು ಅಂತ ರಾಜಿ. ಮಿಕ್ಕಿದ ರೆಕ್ಸಿನ್ನಲ್ಲಿ ನಾನೊಂದು ಹೆಗಲಿಗೆ ಹಾಕೋ ಚೀಲ ಹೊಲಿದುಕೊಟ್ಟಿದೀನಿ. ಮೈಕಿಗೊಂದು ಜೇಬು, ಮಾತ್ರೆಗೊಂದು ಜೇಬು, ಉಬ್ಬಸದ ಪಂಪಿಗೊಂದು. ಈಗ ವರ್ಷಗಳಿಂದ ಅದು ಬೇಕಾಗಿಲ್ಲ, ಆದರೂ ಇರಲಿ. ಪಕ್ಕದಲ್ಲಿ ಒಂದು ಪುಟ್ಟ ಜೇಬು ಯಾತಕ್ಕಪ್ಪಾ ಅಂತ ಕೇ‌ಳಿದಳು. ನಿಂಬೆಹಣ್ಣಿಗೆ ಅಂದೆ.

ನಿನ್ನೆ ಬಣ್ಣ ಎಲ್ಲ ಮುಗಿಸಿ ಬಸ್ಸನ್ನ ಶೆಡ್ಡಿಂದ ಹೊರಗೆ ತೆಗೆದರು. ಬದಿಯಲ್ಲಿ ಒಂದು ಕಡೆ ಆನೆ, ಒಂದು ಕಡೆ ಕಲ್ಲಿನ ರಥ ಬರೆಸಿದಾರೆ. ಶಶಿ ಓರೆ ಸೀಟಲ್ಲಿ ಕೂತು ಮೈಕು ಸರಿ ಇದೆಯಾ ಅಂತ ನೋಡಕ್ಕೆ 'ಎಲ್ಲರಿಗೂ ನಮಸ್ಕಾರ, ನಾನು ನಿಮ್ಮ ಗೈಡು, ಬಿ. ಶಶಿಕಲಾ' ಅಂದಳು. ಗಾಜು ಇಳಿಸಿತ್ತು, ಮೈಸೂರು ರಸ್ತೆ ಜಂಕ್ಷನ್ನಿಗೆಲ್ಲ ಕೇಳಿಸ್ತು. ಸಿಗ್ನಲ್ಲಲ್ಲಿ ನಿಂತಿದ್ದ ಆಟೋದೋರು ತಿರುಗಿ ನೋಡಿದರು. ವೆಲ್ಡಿಂಗ್ ಮಾಡ್ತಿದ್ದ ರೇವಣಸಿದ್ದ ಕನ್ನಡಕ ಹಣೆಗೇರಿಸಿ 'ಬಿ. ಅಂದ್ರ ಯಾರ್ರಿ ಬೆಟ್ಟಣ್ಣ?' ಅಂತ ಬೇಕಂತಲೇ ಕೇಳಿದ. ನಾನು ದಾರ ಕತ್ತರಿಸೋ ಹಾಗೆ ತಲೆ ಬಗ್ಗಿಸಿದೆ. ದಾರ ಇರಲಿಲ್ಲ ಕೈಲಿ. ಅಕ್ಕಾ, ನನ್ನ ಹೆಸರು ಜೋರಾಗಿ ಹೇಳೋಳು ಇಷ್ಟು ದಿನ ನೀನೊಬ್ಬಳೇ ಇದ್ದೆ. ಈಗ ಇನ್ನೊಬ್ಬಳು ಆದಳು, ಅವಳನ್ನ ಹಾಗೆ ಬೆಳೆಸಿದೋಳೂ ನೀನೇ.

ಬಸ್ಸಿನ ಪೂಜೆಗೆ ಆನಂದ್ ಸಾರು ನನಗೇ ತೆಂಗಿನಕಾಯಿ ಒಡೀರಿ ಅಂದರು. ಸೀಟು ಹೊಲಿದ ಕೈ ನಿಮ್ಮದು, ಮಗಳೂ ನಿಮ್ಮವಳೇ ಅಂತ. ನಾನು ಒಡೆಯಲಿಲ್ಲ. ನಮ್ಮ ಕಡೆ ಹೊಸ ಗಾಡಿಗೆ ಮೊದಲ ಕಾಯಿ ಮನೆಯ ಹಿರೀ ಹೆಣ್ಣುಮಗಳು ಒಡೀಬೇಕು ಅಂದೆ. ಅಪ್ಪ ಆ ಹಳೇ ಸೈಕಲ್ ತಂದಾಗ ಲಂಗ ಎತ್ತಿ ಕಟ್ಟಿ ನೀನು ಒಡೆದಿದ್ದೆಯಲ್ಲ, ಚೂರು ಹಾರಿ ನನ್ನ ಹಣೆಗೆ ತಾಗಿದ್ದ ಗುರುತು ಇನ್ನೂ ಇದೆ. ಸಾರು ಒಪ್ಪಿಕೊಂಡರು. ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಕುಂಕುಮ ಹಚ್ಚಿ ಅಷ್ಟಕ್ಕೆ ಮುಗಿಸಿದ್ವಿ. ಕಾಯಿ ಡ್ಯಾಶ್‌ಬೋರ್ಡ್ ಮೇಲೆ ಬಟ್ಟೆ ಸುತ್ತಿ ಹಾಗೇ ಇಟ್ಟಿದೀನಿ. ಉರುಳದ ಹಾಗೆ ಅದಕ್ಕೂ ಒಂದು ಗೂಡು ಹೊಲಿದಿದೀನಿ.

ಶನಿವಾರ ಬೆಳಗಿನ ಜಾವ ನಾನು ಜಂಕ್ಷನ್ನಲ್ಲಿ ನಿಂತಿರ್ತೀನಿ, ಬಸ್ಸು ಹೋಗೋದು ನೋಡಕ್ಕೆ. ಜೊತೆಗೆ ಬನ್ನಿ ಅಂತ ಕರೆದರು, ಒಲ್ಲೆ ಅಂದೆ. ನಾನು ಇದ್ದರೆ ಬ್ರೇಕ್ ಹಾಕಿದಾಗಲೆಲ್ಲ ಎದ್ದು ನಿಲ್ತೀನಿ, ಮಗೂಗೆ ಮುಜುಗರ. ಭಾವನಿಗೆ ನನ್ನ ನಮಸ್ಕಾರ, ಅನಂತಲಕ್ಷ್ಮಮ್ಮನಿಗೂ ಹೇಳು, ಆಯಮ್ಮನಿಗೆ ಸುಳ್ಳು ಹೇಳಕ್ಕೆ ಬರಲ್ಲ, ಪಾಪ, ಇನ್ನು ಹೇಳಿಸಬೇಡ. ನಿನ್ನ ಬಳೆ ಕೈ ನಮ್ಮ ತಲೆ ಮೇಲೆ ಇರಲಿ. ಮುನಿತಾಯಮ್ಮ ನಿನ್ನ ಪಾದ ಮುಟ್ಟಿ ಕೇಳಿಕೊಂಡಿದಾಳೆ, ಒಬ್ಬಟ್ಟಿನ ದಿನದ್ದು ಹೊಟ್ಟೇಲಿ ಹಾಕ್ಕೊಳಕ್ಕೆ.

ನೀನು ಹೆಸರು ಹೇಳಿಕೊಟ್ಟ ತಮ್ಮ,
ಬೆಟ್ಟಯ್ಯ

ವಿ.ಸೂ: ಅಕ್ಕಾ, ಲಕೋಟೆ ಅಂಟಿಸೋ ಮೊದಲು ಬರೆದುಬಿಡ್ತೀನಿ, ಸಿಟ್ಟಾಗಬೇಡ. ನೀಲಾಂಬಿಕಮ್ಮ ಅವತ್ತು ಅಂದಿದ್ದು ಇಷ್ಟೇ: 'ಹುಣಸೂರು ದಾಟಕ್ಕಾಗದಿದ್ದರೆ ದಾಟಬೇಡಮ್ಮ, ಇಳಿ. ಎಲ್ಲರನ್ನೂ ಇಳಿಸು.' ಮಗನೂ ಹೂಂ ಅಂದುಬಿಟ್ಟರು. ಈಗ ಟೂರು ಕೇಳಿ ಬರೋರಿಗೆಲ್ಲ ಶ್ರೀರಂಗಪಟ್ಟಣ, ಅರಮನೆ, ಬಂಡೀಪುರ, ಆಮೇಲೆ ಹುಣಸೂರಲ್ಲಿ ಅತ್ತೆ ಮನೆ ಕಾಫಿ, ಆಮೇಲೆ ನಾಗರಹೊಳೆ ಅಂತ ಹೇಳ್ತಾ ಇದಾರೆ. ಬಸವೇಶ್ವರನಗರದ ಒಬ್ಬ ಆಂಟಿ 'ಅರಮನೆ ಎಲ್ಲ ನೋಡಿದೀವಿ, ಆ ಅತ್ತೆ ಎಷ್ಟನೇ ದಿನ' ಅಂತ ಕೇಳಿ ಸೀಟು ಹಿಡಿದರಂತೆ. ನಿನ್ನನ್ನ ಕೇಳದೆ ಇನ್ನೊಂದು ಸಲ ಆಯ್ತು ಅಂತ ನೀನು ಅನ್ನಬಾರದು, ಅದಕ್ಕೇ ಈಗ ಕೇಳ್ತಾ ಇರೋದು. ಇಪ್ಪತ್ತಾರನೇ ತಾರೀಖು, ಕಾರ್ತಿಕ ಸೋಮವಾರ, ಬೆಳಿಗ್ಗೆ ಏಳರ ಹೊತ್ತಿಗೆ ಹಳೇ ಡಿಪೋ ತಿರುವಲ್ಲಿ ಹಸಿರು ಬಸ್ಸು ನಿಲ್ಲುತ್ತೆ. ಶಶಿ ಕಾಯಿ ತಗೊಂಡು ಇಳೀತಾಳೆ. ಬಾಗಿನದ ಮೊರಾನೂ ತರ್ತಾಳೆ, ಒಳಗಿನ ಬೇಳೆ ಕಾಳು ಎಲ್ಲ ಹೊಸದು. ಹಬ್ಬ ಕಳೆದ ಮೇಲೆ ಕೊಡಬಹುದಾ ಅಂತ ನಾನು ಒದ್ದಾಡ್ತಿದ್ದರೆ ಮುನಿತಾಯಮ್ಮ ತವರಿನ ಬಾಗಿನಕ್ಕೆ ತಿಥಿ ಇಲ್ಲ ಅಂದಳು. ನೀನು ಉಪವಾಸ ಅಂತ ಗೊತ್ತು, ನೀನು ಕುಡೀಬೇಡ. ಭಾವ ಅವತ್ತಾದರೂ ಚಪ್ಪಲಿ ಹಾಕ್ಕೊಳ್ಳಲಿ, ಆನೆ ಕಥೆ ಅವರನ್ನೂ ಕೇಳ್ತಾರೆ. ನಿನ್ನ ಮನೇಲಿ ಐದೇ ಲೋಟ ಇರೋದು, ಅದರಲ್ಲೊಂದು ಸೊಟ್ಟ, ನನಗೆ ನೆನಪಿದೆ. ಕಾಫಿಪುಡಿ, ಸಕ್ಕರೆ, ಲೋಟ ಎಲ್ಲ ಬಸ್ಸಲ್ಲೇ ಬರುತ್ತೆ, ಹಾಲಿಗೊಂದು ಹೇಳಿಡು. ಬಾಗಿಲು ಮಾತ್ರ ನೀನೇ ತೆಗೀಬೇಕು ಅಕ್ಕಾ.